ಪಟ್ಟಣದಲ್ಲಿ ಎರಡು ರಾತ್ರಿ

ಮೈಸೂರಿನಲ್ಲಿ ಸ್ವಂತ ಮನೆ ಇಟ್ಟುಕೊಂಡು ಶ್ರೀರಂಗಪಟ್ಟಣದಲ್ಲಿ ರೂಮು ಮಾಡಿ ಎರಡು ರಾತ್ರಿ ಉಳಿದು ಬರುತ್ತೇವೆ ಎಂದರೆ ಕೇಳಿದವರಿಗೆ ನಗು ಬರುವುದು ಸಹಜವೇ. ಹದಿನೈದು ಕಿಲೋಮೀಟರ್ ಹೋದರೆ ಸಿಗುವ ಊರದು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟವರು ರಂಗನಾಥನ ದರ್ಶನ ಮಾಡಿ, ನಿಮಿಷಾಂಬೆಗೆ ಕೈಮುಗಿದು, ಸಂಗಮದಲ್ಲಿ ಕಾಲು ತೊಳೆದುಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಹಾಗಾಗಿ ಮೇ ತಿಂಗಳ ಮೊದಲ ವಾರ ನಾನೂ ಅಮ್ಮನೂ ಸಣ್ಣದೊಂದು ಬ್ಯಾಗು ಹಿಡಿದು ಆಟೋ ಹತ್ತುವಾಗ ಎದುರುಮನೆಯವರು, “ಏನು, ಮನೆಗೆ ಸುಣ್ಣಬಣ್ಣ ಮಾಡಿಸ್ತಿದ್ದೀರಾ?” ಎಂದು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಈ ಪ್ರಯಾಣ ಅಮ್ಮನ ಆಸೆಯಿಂದ ಹುಟ್ಟಿದ್ದು. ಎಪ್ಪತ್ತನಾಲ್ಕು ವರ್ಷದ ಅವರು ಮದುವೆಯಾಗಿ ಮೈಸೂರಿಗೆ ಬಂದಾಗಿನಿಂದ ಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. (ಸುತ್ತಲಿನ ಹಳ್ಳಿಗಳ ಹಿರಿಯರಿಗೆ ಅದು ಇಂದಿಗೂ ಬರಿಯ ‘ಪಟ್ಣ’, ಮುಂದಿನ ‘ಶ್ರೀರಂಗ’ ಬಸ್ಸಿನ ಬೋರ್ಡಿಗೆ ಮಾತ್ರ.) ಆದರೆ ಹೋದದ್ದೆಲ್ಲ ಒಂದಲ್ಲ ಒಂದು ಕಾರ್ಯದ ಮೇಲೆ. ರಥಸಪ್ತಮಿಯ ತೇರು, ನೆಂಟರ ಮನೆಯ ಹರಕೆ, ಅಜ್ಜನ ಅಸ್ಥಿ, ಅಜ್ಜಿಯ ಅಸ್ಥಿ, ಹನ್ನೊಂದು ವರ್ಷದ ಹಿಂದೆ ಅಪ್ಪನ ಅಸ್ಥಿ. “ಇಷ್ಟು ಸಲ ಹೋದರೂ ಒಂದು ಸಲವೂ ಹೊಳೆ ಪಕ್ಕದಲ್ಲಿ ಬೆಳಗಾಗೋದನ್ನ ನೋಡಲಿಲ್ಲ ಕಣೋ” ಎಂದು ಯುಗಾದಿಯ ದಿನ ಹೋಳಿಗೆ ತಟ್ಟುತ್ತಾ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಯೋಚಿಸಿದರೆ ನಾನೂ ನೋಡಿರಲಿಲ್ಲ. ನಮ್ಮ ಕಡೆಯವರಿಗೆ ಆ ದ್ವೀಪ ಹಗಲಿನ ಊರು; ಸಂಜೆಯಾದ ಮೇಲೆ ಅಲ್ಲಿ ಏನಿರುತ್ತದೆ ಎಂಬುದು ನಮಗೆ ಗೊತ್ತೇ ಇಲ್ಲ.

ನಾವು ಉಳಿದದ್ದು ನದಿಯಂಚಿನ ಒಂದು ಹಳೆಯ ತಂಗುದಾಣದಲ್ಲಿ. ಸಾಲಾಗಿ ನಾಲ್ಕಾರು ಕಾಟೇಜುಗಳು, ಮುಂದೆ ಹುಲ್ಲು, ಹುಲ್ಲು ಮುಗಿದಲ್ಲಿ ಕಲ್ಲಿನ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಹೊಳೆ. ಮೆಟ್ಟಿಲುಗಳನ್ನು ಅಮ್ಮ ಬಂದ ಕೂಡಲೇ ಎಣಿಸಿದರು: ಹತ್ತೊಂಬತ್ತು. ಕೊನೆಯ ಮೆಟ್ಟಿಲಿನಿಂದ ನೀರು ಇನ್ನೂ ನಾಲ್ಕು ಹೆಜ್ಜೆ ಆಚೆಗಿತ್ತು. ನಡುವೆ ಒಣಗಿದ ಪಾಚಿ ಹತ್ತಿದ ಬಂಡೆಗಳು, ಬಂಡೆಗಳ ಸಂದಿನಲ್ಲಿ ಸಿಕ್ಕಿಕೊಂಡ ಯಾರದೋ ಹೂವಿನ ಹಾರ, ಅಲ್ಲಲ್ಲಿ ಬೆಳ್ಳಕ್ಕಿ. ಬೇಸಿಗೆಯ ಕಾವೇರಿ ಇಲ್ಲಿ ಹರಿಯುವುದಕ್ಕಿಂತ ಹೆಚ್ಚಾಗಿ ಬಂಡೆಯಿಂದ ಬಂಡೆಗೆ ಜಾರುತ್ತಾಳೆ. ಆ ಜಾರುವ ಸದ್ದು ಹಗಲಿನಲ್ಲಿ ಹೆದ್ದಾರಿಯ ಲಾರಿಗಳ ನಡುವೆ ಕೇಳಿಸುವುದಿಲ್ಲ, ರಾತ್ರಿ ಹತ್ತರ ನಂತರ ಬೇರೆ ಯಾವ ಸದ್ದೂ ಕೇಳಿಸುವುದಿಲ್ಲ.

ಕೋಟೆಯ ಪಶ್ಚಿಮಕ್ಕೆ ಎರಡಾಗಿ ಒಡೆಯುವ ಕಾವೇರಿ ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನಡುವೆ ಉಳಿದ ನೆಲವೇ ಈ ದ್ವೀಪ. ಉದ್ದ ಸುಮಾರು ಮೂರು ಮೈಲಿ, ಅಗಲ ಸುಮಾರು ಒಂದು ಮೈಲಿ. ಕಾವೇರಿ ಹೀಗೆ ಕವಲೊಡೆದು ದ್ವೀಪ ಬಿಟ್ಟ ಮೂರು ಕಡೆ ರಂಗನಾಥ ಮಲಗಿದ್ದಾನೆ: ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಹೊಳೆಯ ನಡುವಿನ ನೆಲ ಕಂಡರೆ ಅದು ಕಾಲು ಚಾಚಿ ಮಲಗುವುದಕ್ಕೆ ತಕ್ಕ ಜಾಗ ಎಂದು ನಮ್ಮ ಪೂರ್ವಿಕರಿಗೆ ಅನ್ನಿಸಿರಬೇಕು. ಇಲ್ಲದಿದ್ದರೆ ಎದ್ದು ನಿಂತ ದೇವರೂ ಕೂತ ದೇವರೂ ಬೇಕಾದಷ್ಟಿರುವಾಗ ಮೂರೂ ದ್ವೀಪಗಳಿಗೆ ಮಲಗಿದ ದೇವರನ್ನೇ ಏಕೆ ತಂದರು? ಆ ಲೆಕ್ಕದಲ್ಲಿ ಇಲ್ಲಿ ವಿಶ್ರಾಂತಿಗೆಂದು ಬಂದ ಮೊದಲಿಗ ರಂಗನಾಥನೇ. ದೇವಾಲಯದ ಮೂಲವನ್ನು ಗಂಗರ ಕಾಲಕ್ಕೆ, 894ರಲ್ಲಿ ತಿರುಮಲಯ್ಯನೆಂಬವನು ಕಟ್ಟಿಸಿದ ಗುಡಿಗೆ ಒಯ್ಯುವುದು ವಾಡಿಕೆ. ಅದಕ್ಕೆ ಹೊಯ್ಸಳರು ಸೇರಿಸಿದರು, ವಿಜಯನಗರದವರು ಸೇರಿಸಿದರು. 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ಸುತ್ತ ಕೋಟೆ ಕಟ್ಟಿದ ಮೇಲೆ ಮಲಗಿದ ದೇವರ ಸುತ್ತ ಕಾವಲುಗಾರರು ನೆರೆಯತೊಡಗಿದರು.

ಅಲ್ಲಿಂದ ಮುಂದಿನ ಮುನ್ನೂರೈವತ್ತು ವರ್ಷ ಈ ದ್ವೀಪಕ್ಕೆ ನಿದ್ದೆಯೆಂಬುದಿರಲಿಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಪಟ್ಟಣವನ್ನು ಪಡೆದು ರಾಜಧಾನಿ ಮಾಡಿಕೊಂಡರು. ಅದೇ ವರ್ಷ ಇಲ್ಲಿ ದಸರಾ ಶುರುವಾಯಿತು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂದು ಅಲಮೇಲಮ್ಮ ಇಟ್ಟಳೆನ್ನುವ ಶಾಪದ ಕಥೆಯೂ ಆಗಿನದೇ. ಅದನ್ನು ನಮ್ಮ ಕಡೆ ಎಲ್ಲರಿಗೂ ಅಜ್ಜಿಯರೇ ಹೇಳಿರುವುದರಿಂದ ನಾನು ಮತ್ತೆ ಹೇಳಬೇಕಿಲ್ಲ. ನಂತರ ಹೈದರ್, ಟಿಪ್ಪು.

ಇತಿಹಾಸವನ್ನು ನಾವು ಅರಸರ ಹೆಸರಿನ ಮೇಲೆ ಓದಿಕೊಳ್ಳುತ್ತೇವೆ. ಎರಡು ದಿನ ಹೊಳೆಯ ಮುಂದೆ ಸುಮ್ಮನೆ ಕೂತಾಗ ನನಗೆ ಅನ್ನಿಸಿದ್ದು, ಈ ದ್ವೀಪದ ಇತಿಹಾಸವನ್ನು ನೀರಿನ ಮಟ್ಟದ ಮೇಲೆ ಓದಬೇಕು ಎಂದು. ಮುಂಗಾರು ಹಿಡಿದರೆ ಎರಡೂ ಕವಲು ಉಕ್ಕಿ ಪಟ್ಟಣವನ್ನು ಯಾವ ಸೈನ್ಯವೂ ಮುಟ್ಟುವಂತಿರಲಿಲ್ಲ. ಬೇಸಿಗೆ ಬಂತೆಂದರೆ ಅದೇ ಕಂದಕ ಕಾಲುದಾರಿಯಾಗುತ್ತಿತ್ತು. 1791ರ ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಮೇಲೆ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಗೆದ್ದರೂ ಮಳೆ ಹಿಡಿದಿತ್ತು, ಗಾಡಿಯೆತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಕೋಟೆ ಒಡೆಯಲೆಂದು ಬೆಂಗಳೂರಿನಿಂದ ಎಳೆದು ತಂದ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಅವನು ಹಿಂದಿರುಗಬೇಕಾಯಿತು. ಮರುವರ್ಷ ಆ ತಪ್ಪು ಮಾಡದೆ ಫೆಬ್ರುವರಿಗೇ ಬಂದ. ಫೆಬ್ರುವರಿ 6ರ ರಾತ್ರಿ ಅವನ ಪಡೆ ಹೊಳೆ ದಾಟಿ ದ್ವೀಪದ ಪೂರ್ವಭಾಗದಲ್ಲಿ ಕೂತಿತು, ಮಾರ್ಚ್ ಹೊತ್ತಿಗೆ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. 1799ರಲ್ಲಿ ಇಂಗ್ಲಿಷರ ಸೇನಾಪತಿ ಹ್ಯಾರಿಸ್ ಬಂದಾಗ ಇಬ್ಬರೂ ಕಾಯುತ್ತಿದ್ದದ್ದು ಮಳೆಯನ್ನೇ. ಮಳೆ ಬಂದರೆ ಟಿಪ್ಪು ಉಳಿಯುತ್ತಿದ್ದ, ಬರುವುದರೊಳಗೆ ಮುಗಿಸಿದರೆ ಹ್ಯಾರಿಸ್ ಗೆಲ್ಲುತ್ತಿದ್ದ. ಮೇ 4ರ ಮಧ್ಯಾಹ್ನ ಒಂದರ ಬಿಸಿಲಿನಲ್ಲಿ, ವಾಯವ್ಯ ಮೂಲೆಯ ಬಳಿ ಒಡೆದ ಗೋಡೆಗೆ ಎದುರಾಗಿ, ಸೈನಿಕರು ಬಂಡೆಗಳ ನಡುವಿನ ನೀರಿಗಿಳಿದರು. ಅವರ ಮುಂದಾಳು ಡೇವಿಡ್ ಬೇರ್ಡ್ ಹಿಂದೊಮ್ಮೆ ಇದೇ ಕೋಟೆಯೊಳಗೆ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದವನು. ಹೊಳೆ ದಾಟಿ ಗೋಡೆಯ ಮೇಲೆ ಬಾವುಟ ನೆಡುವುದಕ್ಕೆ ಅವರಿಗೆ ಹಿಡಿದದ್ದು ಏಳೆಂಟು ನಿಮಿಷ ಅಷ್ಟೆ.

ನಾವು ಹೋದದ್ದೂ ಮೇ ತಿಂಗಳ ಮೊದಲ ವಾರ. ಬೇಕೆಂದು ಆರಿಸಿಕೊಂಡ ದಿನವಲ್ಲ, ನನ್ನ ರಜೆಗೆ ಹೊಂದಿದ್ದು ಅದು. ಎರಡನೆಯ ಬೆಳಿಗ್ಗೆ ಸಂಗಮಕ್ಕೆ ಹೋಗಿದ್ದಾಗ ಮೊಣಕಾಲಿನವರೆಗೆ ಪ್ಯಾಂಟು ಮಡಿಸಿ ನೀರಿಗಿಳಿದೆ. ಹತ್ತು ಹೆಜ್ಜೆಗೆ ಮೂರು ಸಲ ಜಾರಿದೆ. ಪಾಚಿಗಟ್ಟಿದ ಬಂಡೆಯ ಮೇಲೆ ಬರಿಗಾಲಿನಲ್ಲೇ ಇಷ್ಟು ಕಷ್ಟವಾದರೆ, ಬೂಟು ಹಾಕಿ ಬಂದೂಕು ಹೊತ್ತವರ ಪಾಡೇನು ಎಂದು ಯೋಚಿಸುತ್ತಿರುವಾಗ ಹರಿಗೋಲಿನವನು ದಡದಿಂದ ಕೂಗಿದ: “ಸಾಮೀ, ಆ ಕಡೀಕ್ ಓಗ್ಬ್ಯಾಡಿ, ಅಲ್ ಮಡು ಅದೆ!” ವಾಪಸು ಬಂದು ಅವನ ಪಕ್ಕ ಕೂತೆ. ಐವತ್ತು ದಾಟಿದ ಮನುಷ್ಯ. ಹರಿಗೋಲನ್ನು ಬೋರಲು ಹಾಕಿ, ಬಿದಿರಿನ ಹೆಣಿಗೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದಲ್ಲಿ ಟಾರು ಬಳಿಯುತ್ತಿದ್ದ. ನೀರು ಎಷ್ಟಿದೆ ಎಂದು ಕೇಳಿದ್ದಕ್ಕೆ ಎದುರಿನ ಹೊಳೆಯನ್ನು ತಿರುಗಿಯೂ ನೋಡದೆ, “ಕನ್ನಂಬಾಡೀಲಿ ತೊಂಬತ್ತರ ಆಸುಪಾಸು” ಎಂದ. ಈ ಸೀಮೆಯಲ್ಲಿ ನೀರೆಂದರೆ ಕನ್ನಂಬಾಡಿಯ ನೀರು. ಪತ್ರಿಕೆಯ ಒಂದು ಮೂಲೆಯಲ್ಲಿ ದಿನಾ ಬರುವ ‘ಇಂದಿನ ಮಟ್ಟ’ವನ್ನು ನೋಡದೆ ಮಂಡ್ಯ ಜಿಲ್ಲೆಯ ರೈತರು ಕಾಫಿ ಕುಡಿಯುವುದಿಲ್ಲ. 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಕಟ್ಟಿಸಿಕೊಂಡ ಕೃಷ್ಣರಾಜಸಾಗರ ತುಂಬುವುದು 124.80 ಅಡಿಗೆ. ಅದು ಬಂದ ಮೇಲೆ ದ್ವೀಪದ ಪಂಚಾಂಗ ಬದಲಾಯಿತು. ಈಗ ಹೊಳೆ ಉಕ್ಕುವ ದಿನವನ್ನು ಆಕಾಶದ ಜೊತೆಗೆ ಗೇಟು ಎತ್ತುವವರೂ ಸೇರಿ ತೀರ್ಮಾನಿಸುತ್ತಾರೆ.

“ಕಟ್ಟೆ ತುಂಬ್ಲಿ, ಆಗ ಬನ್ನಿ. ಈಗ ನೀವು ಕೂತಿರೋ ಜಾಗದಲ್ಲಿ ಆಳುದ್ದ ನೀರು” ಎಂದು ಅವನು ಅಮ್ಮನಿಗೆ ಹೇಳಿದ. ಅಮ್ಮ ತಕ್ಷಣ ಸೀರೆ ಎತ್ತಿಕೊಂಡು ಒಂದು ಮೆಟ್ಟಿಲು ಮೇಲೆ ಕೂತರು.

ದರಿಯಾ ದೌಲತ್ತಿಗೆ ಹೋದದ್ದು ಮೊದಲ ದಿನದ ಮಧ್ಯಾಹ್ನ, ಸುಡು ಬಿಸಿಲಿನಲ್ಲಿ. ಹಾಗೆ ಹೋಗುವುದೇ ಸರಿ, ಏಕೆಂದರೆ ಅದು ಬಿಸಿಲಿಗೆಂದೇ ಕಟ್ಟಿದ ಮನೆ. 1784ರಲ್ಲಿ ಟಿಪ್ಪು ಕೋಟೆಯ ಹೊರಗೆ, ನದಿಯ ಬದಿಯ ತೋಟದ ನಡುವೆ ಈ ಬೇಸಿಗೆ ಅರಮನೆಯನ್ನು ಕಟ್ಟಿಸಿದ. ಬಹುಪಾಲು ತೇಗದ ಮರ, ಎತ್ತರದ ಜಗಲಿ, ನಾಲ್ಕೂ ಕಡೆ ಅಗಲವಾದ ಪಡಸಾಲೆ. ಹೊರಗಡೆ ಸುತ್ತಲೂ ಇಳಿಬಿಟ್ಟ ಹಸಿರು ತೆರೆಗಳ ಹಿಂದೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗೋಡೆ, ಕಂಬ, ಕಮಾನು, ಮಾಡು ಎಲ್ಲೆಲ್ಲೂ ಬಳ್ಳಿ ಹೂವುಗಳ ಚಿತ್ತಾರ ಮೆಲ್ಲಗೆ ಎದ್ದು ಬರುತ್ತದೆ; ಒಂದು ಅಂಗೈ ಅಗಲದಷ್ಟು ಜಾಗವನ್ನೂ ಬಿಡದ ಚಿತ್ತಾರ. ಅಮ್ಮನ ಹೋಲಿಕೆ ನನಗೆ ಹಿಡಿಸಿತು: “ಮದುವೆ ಸೀರೆಯ ಒಳಗೆ ಹೊಕ್ಕ ಹಾಗಿದೆ.”

ಅದರ ಪಡುವಣ ಗೋಡೆಯನ್ನು ನೋಡಲು ನಾನು ಸುಮಾರು ಒಂದು ಗಂಟೆ ತೆಗೆದುಕೊಂಡೆ. ವಿಶ್ರಾಂತಿಗೆಂದು ಕಟ್ಟಿಸಿದ ಮನೆಯ ಗೋಡೆಯ ಮೇಲೆ ಟಿಪ್ಪು ಬರೆಸಿದ್ದು ಯುದ್ಧವನ್ನು: 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸದೆಬಡಿದ ಪ್ರಸಂಗ. ಕೆಂಪು ಕೋಟಿನ ಇಂಗ್ಲಿಷರು ಚೌಕಾಕಾರವಾಗಿ ನಿಂತಿದ್ದಾರೆ. ಅವರ ನಡುವೆ ಮದ್ದಿನ ಗಾಡಿ ಸಿಡಿದು ಹೊಗೆ ಎದ್ದಿದೆ. ಚೌಕದೊಳಗೆ ಪಲ್ಲಕ್ಕಿ, ಪಲ್ಲಕ್ಕಿಯಲ್ಲಿ ಮುದುಡಿ ಕೂತ ಬೈಲಿ. ಎರಡೂ ಕಡೆಯಿಂದ ಕುದುರೆಗಳು ನುಗ್ಗುತ್ತಿವೆ, ತಲೆಗಳು ಉರುಳುತ್ತಿವೆ. ಇಷ್ಟೆಲ್ಲದರ ನಡುವೆ ಟಿಪ್ಪು ತೋಟದಲ್ಲಿ ತಿರುಗಾಡಲು ಹೊರಟವನಂತೆ ಗುಲಾಬಿ ಹೂವನ್ನು ಮೂಸುತ್ತಾ ಕುದುರೆಯ ಮೇಲಿದ್ದಾನೆ. ಇನ್ನೊಂದು ಕಡೆ ಹೈದರಾಬಾದಿನ ನಿಜಾಮನ ಸೈನ್ಯ ತಡವಾಗಿ ಬರುತ್ತಿದೆ. ಅವನನ್ನು ಅಣಕಿಸಲು ಪಕ್ಕದಲ್ಲೇ ಒಂದು ಹಸು, ಒಂದು ಹಂದಿ. ಕಲಾವಿದನ ಈ ಹಾಸ್ಯವನ್ನು ಅಂದಿನ ಆಸ್ಥಾನಿಕರು ಎಷ್ಟು ಸಲ ನಕ್ಕು ಸವೆಸಿದ್ದರೋ.

ಈ ಚಿತ್ರ ಉಳಿದ ಬಗೆಯೂ ವಿಚಿತ್ರ. ಮುತ್ತಿಗೆಗೆ ಮುಂಚೆ ಅದನ್ನು ಕೆಡಿಸಲಾಗಿತ್ತು. ಪಟ್ಟಣ ಬಿದ್ದ ಮೇಲೆ ಇದೇ ಅರಮನೆಯಲ್ಲಿ ವಾಸವಾದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ತನ್ನ ಜನ ಸೋತ ಆ ಚಿತ್ರವನ್ನು ಸರಿಪಡಿಸಿಸಿದ. ಮತ್ತೆ ಯಾರೋ ಸುಣ್ಣ ಹೊಡೆದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ, ಮೂಲಚಿತ್ರ ನೆನಪಿದ್ದ ಇಲ್ಲಿನ ಒಬ್ಬ ಚಿತ್ರಗಾರನಿಂದ ಮತ್ತೆ ಬರೆಸಿದ. ಎಂದರೆ ಇಂದು ನಾವು ನೋಡುತ್ತಿರುವುದು ಒಬ್ಬ ಮುದುಕನ ನೆನಪನ್ನು. ಸೋತವನ ಗೆಲುವಿನ ಚಿತ್ರವನ್ನು ಗೆದ್ದವರು ಎರಡೆರಡು ಸಲ ದುಡ್ಡು ಕೊಟ್ಟು ಉಳಿಸಿದ್ದಕ್ಕೆ ಔದಾರ್ಯ ಕಾರಣವೋ, ಗೆಲುವು ಖಚಿತವಾದ ಮೇಲಿನ ನಿಶ್ಚಿಂತೆ ಕಾರಣವೋ ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ದ್ವೀಪದಲ್ಲಿ ಇನ್ನೆರಡು ದೊಡ್ಡ ಅರಮನೆಗಳಿದ್ದವು, ಅವಕ್ಕೆ ಇಂಥ ಅದೃಷ್ಟ ಇರಲಿಲ್ಲ. ಪೂರ್ವದ ಲಾಲ್‌ಬಾಗಿನ ಸೈಪ್ರೆಸ್ ಮರಗಳನ್ನು 1792ರಲ್ಲಿ ಕಾರ್ನ್‌ವಾಲಿಸನ ಪಡೆ ಮುತ್ತಿಗೆಯ ಸಾಮಗ್ರಿಗಾಗಿ ಕಡಿದು ಹಾಕಿತು. ಅಲ್ಲಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಈಗ ಆ ಹೆಸರಿನ ತೋಟದಲ್ಲಿ ಉಳಿದಿರುವುದು ಹೈದರ್, ಅವನ ಹೆಂಡತಿ ಮತ್ತು ಟಿಪ್ಪು ಮಲಗಿರುವ ಗುಂಬಜ್ ಮಾತ್ರ. ಕೋಟೆಯೊಳಗಿನ ಲಾಲ್‌ಮಹಲಿನ ಕಥೆ ಇನ್ನೂ ದೂರ ಹೋಗುತ್ತದೆ: ಅದನ್ನು ಕೆಡವಿ ತೆಗೆದ ತೊಲೆಗಳು ಊಟಿಗೆ ಪ್ರಯಾಣ ಮಾಡಿ 1830ರ ಹೊತ್ತಿಗೆ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಸೇರಿದವು. ಊಟಿಯ ಚಳಿಯಲ್ಲಿ ಆ ಚರ್ಚಿನ ಬೆಂಚಿನ ಮೇಲೆ ಕೂತು ತಲೆ ಎತ್ತಿ ನೋಡಿದ್ದು ನನಗೆ ನೆನಪಿದೆ; ಆಗ ಆ ಮರ ನಮ್ಮ ಪಟ್ಟಣದ್ದೆಂದು ಗೊತ್ತಿರಲಿಲ್ಲ.

ಪಟ್ಟಣ ಸೋತದ್ದು ಒಂದು ಮಧ್ಯಾಹ್ನದಲ್ಲಿ, ಬರಿದಾದದ್ದು ಮಾತ್ರ ಜ್ವರದಿಂದ. ಒಡೆಯರ ರಾಜಧಾನಿ ಮೈಸೂರಿಗೆ ಹೋಯಿತು, ಜೊತೆಗೆ ದಸರಾವೂ ಹೋಯಿತು. ಇಂಗ್ಲಿಷರ ದಂಡು ಮಾತ್ರ ಕೆಲವು ವರ್ಷ ಇಲ್ಲೇ ಕೂತಿತು, ಆದರೆ ಎರಡು ಕವಲುಗಳ ನಡುವಿನ ಗದ್ದೆನಾಡಿನ ಚಳಿಜ್ವರಕ್ಕೆ ಅವರು ತಾಳಲಿಲ್ಲ. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಬೆಂಗಳೂರು ದಂಡುಪ್ರದೇಶ ಬೆಳೆದದ್ದರಲ್ಲಿ ಪಟ್ಟಣದ ಸೊಳ್ಳೆಗಳ ಪಾಲೂ ಇದೆ ಎಂದರೆ ತಪ್ಪಾಗದು. ಹೆದ್ದಾರಿಯ ಬದಿಯ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು ಮುನ್ನೂರು ಗೋರಿಗಳಿವೆ. ಅವುಗಳಲ್ಲಿ ಡಿ ಮ್ಯೂರನ್ ಎಂಬ ಸ್ವಿಸ್ ದಳದವರ ಗೋರಿಗಳು ಬಹಳ. ಡಚ್ಚರಿಗಾಗಿ ಕಟ್ಟಿದ ದಳ, ಸಿಲೋನಿನಲ್ಲಿ ಇಂಗ್ಲಿಷರ ಕಡೆಗೆ ಸೇರಿ, ಕಡೆಗೆ ಕಾವೇರಿಯ ದಡದಲ್ಲಿ ಮಣ್ಣಾಯಿತು. ಹೊಳೆಯಂಚಿನ ಸ್ಕಾಟನ ಬಂಗಲೆಯದು ಇಂಥದೇ ಕಥೆ. ಊರಿಂದ ಮರಳಿದ ಕರ್ನಲ್ ಸ್ಕಾಟನಿಗೆ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತು ಬಿದ್ದಿದ್ದು ಕಂಡಿತೆಂದೂ, ಅವನು ಎಲ್ಲವನ್ನೂ ಇದ್ದಂತೆಯೇ ಬಿಟ್ಟು ಕಣ್ಮರೆಯಾದನೆಂದೂ, ಮಹಾರಾಜರು ಆ ಮನೆಯ ಮೇಜು ಕುರ್ಚಿಯನ್ನೂ ಸರಿಸದೆ ಕಾಪಾಡಿಸಿದರೆಂದೂ ಹೇಳುತ್ತಾರೆ. ಹೇಳುವವರು ಸಂಜೆಯ ಹೊತ್ತಿಗೇ ಹೇಳುತ್ತಾರೆ.

ಆ ಸಂಜೆ ನಮಗೂ ಬಂತು. ನಮ್ಮ ತಂಗುದಾಣದ ಬಗ್ಗೆ ನನಗಿರುವ ಒಂದೇ ದೂರೆಂದರೆ ಸೊಳ್ಳೆಪರದೆ. ಕಿಟಕಿಯ ಜಾಲರಿ ಒಂದು ಮೂಲೆಯಲ್ಲಿ ಕಿತ್ತುಹೋಗಿತ್ತು. ಪರದೆ ಕೇಳಿದರೆ “ತರಿಸ್ತೀವಿ ಸಾರ್” ಎಂದರು, ಎರಡು ರಾತ್ರಿಯೂ ತರಿಸಲಿಲ್ಲ. ಇಂಗ್ಲಿಷರ ದಂಡನ್ನು ಓಡಿಸಿದವುಗಳ ವಂಶದವು ನಮ್ಮನ್ನು ಬಿಟ್ಟಾವೇ? ಅಮ್ಮ ಸೆರಗು ಹೊದ್ದುಕೊಂಡು ಹೊರಗೆ ಜಗಲಿಯ ಕುರ್ಚಿಗೆ ಬಂದರು, ನಾನೂ ಹೋಗಿ ಕೂತೆ. ಸೊಳ್ಳೆಬತ್ತಿ ಹಚ್ಚಿ ಕಾಲಬುಡದಲ್ಲಿಟ್ಟುಕೊಂಡೆವು. ಆಚೆ ದಡದಲ್ಲಿ ಒಂದೇ ಒಂದು ದೀಪ. ನೀರಿನ ಸದ್ದು, ಎಲ್ಲೋ ದೂರದಲ್ಲಿ ಸೇತುವೆ ದಾಟುವ ರೈಲು, ಮತ್ತೆ ನೀರಿನ ಸದ್ದು. ಬೆಳಗಿನ ಜಾವದವರೆಗೆ ಹಾಗೇ ಕೂತಿದ್ದೆವು. ಪರದೆ ಕೊಟ್ಟಿದ್ದರೆ ಆ ರಾತ್ರಿಯನ್ನು ನಾವು ನಿದ್ದೆಯಲ್ಲೇ ಕಳೆದುಕೊಳ್ಳುತ್ತಿದ್ದೆವು, ಅದೂ ಗೊತ್ತು. ಆದರೂ ದೂರು ದೂರೇ.

ಐದೂವರೆಗೆ ನೀರಿನ ಮೇಲೆ ತೆಳುವಾದ ಆವಿ ಎದ್ದಿತು. ಕರಿಘಟ್ಟದ ಕಡೆಯಿಂದ ಬೆಳಕು ಬಂತು. ಬಂಡೆಯೊಂದು ಅಲುಗಿದಂತಾಯಿತು, ನೋಡಿದರೆ ಬಲೆ ಬಿಡಿಸುತ್ತಾ ಕೂತ ಮನುಷ್ಯ. ಅಮ್ಮ ಏನೂ ಮಾತಾಡಲಿಲ್ಲ. ಬೆಳಗಾದದ್ದನ್ನು ನೋಡಲೆಂದು ಬಂದವರು ಬೆಳಕು ಪೂರ್ತಿ ಹರಿಯುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆಹೋಗಿದ್ದರು.

ಜನ ಬಿಟ್ಟುಹೋದ ದ್ವೀಪವನ್ನು ಉಳಿಸಿದ್ದು ಗದ್ದೆ ತೋಟಗಳು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಬಂಗಾರದೊಡ್ಡಿ ನಾಲೆ ಮೇಲ್ಗಾಲುವೆಯ ಮೂಲಕ ಹೊಳೆಯ ಕವಲನ್ನೇ ದಾಟಿ ದ್ವೀಪಕ್ಕೆ ನೀರು ತರುತ್ತದೆ. ಸುತ್ತ ಹೊಳೆ ಹರಿಯುವಾಗ ಹೊಳೆಯ ಮೇಲಿಂದ ನಾಲೆ ತರುವುದೇಕೆ ಎಂದು ಅಮ್ಮ ಕೇಳಿದರು. ಹೊಳೆ ತಗ್ಗಿನಲ್ಲಿದೆ, ಗದ್ದೆ ಎತ್ತರದಲ್ಲಿದೆ. ಮೇಲೆ ದೂರದಲ್ಲಿ ಅಣೆ ಕಟ್ಟಿ ನೀರನ್ನು ಎತ್ತರದಲ್ಲೇ ನಡೆಸಿಕೊಂಡು ಬಂದರೆ ಮಾತ್ರ ಅದು ಗದ್ದೆಗೆ ಇಳಿಯುತ್ತದೆ. ಸೈನ್ಯ ಹೋಯಿತು, ಅರಮನೆ ಹೋಯಿತು, ನಾಲೆ ನಿಲ್ಲಲಿಲ್ಲ. ಟಿಪ್ಪು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ತಂದು ನೆಲೆಗೊಳಿಸಿದನೆನ್ನುವ ಗಂಜಾಂ ಇಂದು ಅಂಜೂರಕ್ಕೆ ಹೆಸರಾದ ಹಳ್ಳಿ. ನಿಮಿಷಾಂಬ ದೇವಸ್ಥಾನದ ದಾರಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಮುಟ್ಟಿದರೆ ಒಡೆಯುವಷ್ಟು ಹಣ್ಣಾದದ್ದನ್ನು ಅಲ್ಲೇ ನಿಂತು ತಿನ್ನಬೇಕು, ಮೈಸೂರಿಗೆ ತರುವಷ್ಟರಲ್ಲಿ ಅದು ಹಣ್ಣಾಗಿರುವುದಿಲ್ಲ, ರಸವಾಗಿರುತ್ತದೆ.

ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯ 1804ರಲ್ಲಿ ಮುಗಿಸಿದ ಕಲ್ಲುಸೇತುವೆಯೂ ಹಾಗೆಯೇ ಉಳಿದಿದೆ. ಕಮಾನಿಲ್ಲ, ಕಲ್ಲಿನ ಕಂಬ, ಕಂಬದ ಮೇಲೆ ಚಾಚುಗಲ್ಲು, ಅದರ ಮೇಲೆ ಚಪ್ಪಡಿ, ಗುಡಿಯ ಮುಖಮಂಟಪ ಕಟ್ಟುವ ಕ್ರಮದಲ್ಲೇ ಸೇತುವೆ ಕಟ್ಟಿದ್ದಾರೆ. ಹೆಸರು ಮಾತ್ರ ವೆಲ್ಲೆಸ್ಲಿಯದು, ಆರ್ಥರನ ಅಣ್ಣ ಗವರ್ನರ್ ಜನರಲನದು. 1924ರ ಮಹಾಪೂರವೂ ಅದನ್ನು ಒಯ್ಯಲಿಲ್ಲ. ಟಿಪ್ಪುವಿನ ಕೈಕೆಳಗೆ ದುಡಿದು, ಅವನು ಸತ್ತ ಮೇಲೆ ಒಡೆಯರಿಗೆ ದಿವಾನನಾದ ಪೂರ್ಣಯ್ಯ 1812ರಲ್ಲಿ ತೀರಿಕೊಂಡದ್ದೂ ಈ ದ್ವೀಪದಲ್ಲೇ. ಮದ್ದಿನಮನೆಯ ಕಥೆ ಇತ್ತೀಚಿನದು: ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ, ಒಡೆಯದೆ, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿದರು. ಮತ್ತೆ 2023ರಲ್ಲಿ ಬೆಂಗಳೂರು ಮೈಸೂರು ದಶಪಥ ಪಟ್ಟಣವನ್ನು ಬಳಸಿಕೊಂಡು ಹೋಯಿತು. ಅವಸರದವರೆಲ್ಲ ಬೈಪಾಸು ಹಿಡಿದ ಮೇಲೆ ಕಬ್ಬಿನಹಾಲಿನ ಗಾಡಿಯವರಿಗೆ ವ್ಯಾಪಾರ ಕಡಿಮೆಯಾಗಿದೆ ಎಂಬ ಗೊಣಗಾಟವನ್ನು ನಾನು ಎರಡು ಕಡೆ ಕೇಳಿದೆ. ಉಳಿಯಲೆಂದು ಬಂದವರಿಗೆ ಅದರಿಂದ ಲಾಭವೇ ಆಗಿದೆ ಎಂದು ಅವರ ಮುಂದೆ ಹೇಳುವ ಧೈರ್ಯವಾಗಲಿಲ್ಲ.

ರಂಗನತಿಟ್ಟು ದ್ವೀಪದಿಂದ ಪಶ್ಚಿಮಕ್ಕೆ ಮೂರ್ನಾಲ್ಕು ಕಿಲೋಮೀಟರ್. ಅಲ್ಲಿನ ತಿಟ್ಟುಗಳೂ ಹೊಳೆಗೆ ಕಟ್ಟಿದ ಹಳೆಯ ಅಣೆಯಿಂದ ಹುಟ್ಟಿದವು, ಕಂಠೀರವ ನರಸರಾಜರ ಕಾಲದ್ದೇ. ರೈತರಿಗೆಂದು ನಿಲ್ಲಿಸಿದ ನೀರಿನಲ್ಲಿ ಹಕ್ಕಿಗಳು ಮನೆ ಮಾಡಿಕೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿತು, 2022ರಲ್ಲಿ ಅದು ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ದೋಣಿಯಲ್ಲಿ ಕೂತ ಅಮ್ಮನಿಗೆ ಬಣ್ಣದ ಕೊಕ್ಕರೆಗಿಂತ ಬಾಯಿ ತೆರೆದು ಬಂಡೆಯ ಮೇಲೆ ಬಿದ್ದಿದ್ದ ಮೊಸಳೆ ಹೆಚ್ಚು ಹಿಡಿಸಿತು. “ಅದಕ್ಕೂ ರೂಮು ಸಿಕ್ಕಿದೆ ನೋಡು” ಎಂದರು. ಕೊಕ್ಕರೆಗಳ ಮರಿಗಳು ಗೂಡಿನಲ್ಲಿ ಕತ್ತು ಚಾಚಿ ಅರಚುತ್ತಿದ್ದವು. ಮೇ ಎಂದರೆ ಅವಕ್ಕೆ ಅವಸರದ ತಿಂಗಳು. ಕನ್ನಂಬಾಡಿಯ ಗೇಟು ಎತ್ತುವುದರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು. ಹೊಳೆ ಏರಿದರೆ ತಗ್ಗಿನ ಗೂಡುಗಳು ಮುಳುಗುತ್ತವೆ, ದೋಣಿ ವಿಹಾರವೂ ನಿಲ್ಲುತ್ತದೆ.

ಹೊರಡುವ ದಿನ ಪಶ್ಚಿಮವಾಹಿನಿಗೆ ಹೋದೆವು. ಅಲ್ಲಿ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ, ಆ ಕಾರಣಕ್ಕೇ ಅದು ಅಸ್ಥಿಗೆ ಶ್ರೇಷ್ಠ. 1948ರ ಫೆಬ್ರುವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಅಲ್ಲೇ. ಆ ನೆನಪಿಗೆ ಪ್ರತಿ ವರ್ಷ ಸರ್ವೋದಯ ಮೇಳ ನಡೆಯುತ್ತದೆ. ನಾವು ಹೋದಾಗ ಮೂರು ಕುಟುಂಬಗಳು ಮಂಟಪದ ನೆರಳಿನಲ್ಲಿ ಕಾಯುತ್ತಿದ್ದವು. ತಲೆ ಬೋಳಿಸಿಕೊಂಡ ಹುಡುಗನೊಬ್ಬ ಮೊಬೈಲಿನಲ್ಲಿ ಆಟವಾಡುತ್ತಿದ್ದ. ಅಮ್ಮ ಅಪ್ಪನ ಕಾರ್ಯ ನಡೆದ ಮೆಟ್ಟಿಲನ್ನು ಹುಡುಕಿದರು, ಸಿಗಲಿಲ್ಲ. ಆಗ ಜುಲೈ, ನೀರು ಮೇಲಿನವರೆಗೆ ಇತ್ತು. ಈಗ ಕಾಣುತ್ತಿರುವ ಮೆಟ್ಟಿಲುಗಳಲ್ಲಿ ಮುಕ್ಕಾಲು ಪಾಲನ್ನು ಅಂದು ನಾವು ನೋಡಿಯೇ ಇರಲಿಲ್ಲ. ಅವರು ಸುಮ್ಮನೆ ಮೇಲಿನದೊಂದರ ಮೇಲೆ ಕೂತು, ಪರ್ಸಿನಿಂದ ಅಂಜೂರ ತೆಗೆದು ಅರ್ಧ ನನಗೆ ಕೊಟ್ಟು, ಅರ್ಧ ತಿಂದರು.

ಆ ವರ್ಷ ಕನ್ನಂಬಾಡಿ ಜುಲೈ ಕೊನೆಗೆ ತುಂಬಿತು. ಬಾಗಿನ ಬಿಡುವ ಸಡಗರದ ಸುದ್ದಿಯ ಕೆಳಗೆ, ಪಟ್ಟಣದ ಕಲ್ಲುಸೇತುವೆಯ ಮೇಲೆ ಸಂಚಾರ ನಿಲ್ಲಿಸಿದ ಸುದ್ದಿಯೂ ಹೊಳೆಯಂಚಿನ ಒಂದು ಪಟವೂ ಬಂದಿದ್ದವು. ಅಮ್ಮ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಮ್ಮ ಕಾಟೇಜಿನ ಮುಂದಿನ ಹುಲ್ಲು ಅದರಲ್ಲಿ ಕಾಣುತ್ತಿತ್ತು. ಬೆರಳಿಟ್ಟು ಎಣಿಸಿದರು.

“ಎರಡು ಉಳಿದಿದೆ” ಎಂದರು. “ಹದಿನೇಳು ಮುಳುಗಿದೆ.”